ರಾಯಪ್ಪ ಅಂದರೆ ಕಲ್ಲು

ಮೂರನೆಯ ಅಧ್ಯಾಯ ಮುಂದಕ್ಕೆ ಸರಿಯದೆ
ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಮುದಗಲ್ಲಿಗೆ ಬಂದೆ.
ಚೀಲದಲ್ಲಿ ಗ್ರೀಕ್ ನಿಘಂಟು,
ಅರ್ಧ ಕೆ.ಜಿ. ಜಿಲೇಬಿ.

ಅವ್ವನ ತವರು ಇದು. ಇಲ್ಲಿ ಸಂತರು
ಕೋಟೆಯಾಚೆ ಕಲ್ಲು ಒಡೆಯುತ್ತಾರೆ:
ಇನ್ನಾಸಪ್ಪ, ಚಿನ್ನಪ್ಪ, ರಾಯಪ್ಪ.
ಅರಮೇಯಿಕಿನ ಕೇಫ ಗ್ರೀಕಿಗೆ ಹೋಗಿ ಪೆತ್ರನಾಗಿ
ಯಾವ ಪಾದ್ರಿಯ ಜೋಳಿಗೆಯಲ್ಲೋ ಕಡಲು ದಾಟಿ
ತೆಲುಗರ ರಾಯಿ ಹಿಡಿದು ರಾಯಪ್ಪನಾದ.
ಕಲ್ಲು ಕಲ್ಲಾಗಿಯೇ ಉಳಿಯಿತು.
ಪೌಲನೆಂದರೆ ಸಣ್ಣವನು, ಸಣ್ಣವನೇ ಚಿನ್ನಪ್ಪ.
ಇಷ್ಟಾದರೂ ನೆಟ್ಟಗೆ ದಾಟಿ ಬಂತಲ್ಲ ಎಂದು ಹಿಗ್ಗಿ ಹೇಳಿದರೆ
ಚಿನ್ನಪ್ಪ ಸುತ್ತಿಗೆ ಇಳಿಸಿ ಕೇಳಿದ:
"ಚಿನ್ನ ಅಂದ್ರ ಬಂಗಾರ ಅಲ್ಲೇನವ್ವ?"

ನನ್ನ ತೊಡಕು ನಲವತ್ತು ವರ್ಷದ್ದು.
ಶಿಲುಬೆಗೂ ಆ ಕಥೆ ಮೊದಲು ಬರೆದವನ ಮಸಿಗೂ ನಡುವೆ
ಹೆಚ್ಚುಕಡಿಮೆ ಅಷ್ಟು ಅಂತರ. ಅಲ್ಲಿ ಬರೀ ಬಾಯಿಗಳು,
ಬಲೆ ತೊಳೆಯುವವರ ಬಾಯಿ, ರೊಟ್ಟಿ ಮುರಿಯುವವರ ಬಾಯಿ.
ಪತ್ರಗಳೇನೋ ಇವೆ.
ಬರೆದವನಿಗೆ ಊರೂರಿನ ಜಗಳ ಬಗೆಹರಿಸುವ ಅವಸರ;
ಸತ್ತವನ ತಾಯಿಯ ಹೆಸರನ್ನೂ ಹೇಳದೆ ಹೋದ.
ನಲವತ್ತು ವರ್ಷದಲ್ಲಿ ಏನು ಬೆಳೆಯುತ್ತದೆ, ಏನು ಉದುರುತ್ತದೆ?

ಸೋದರಮಾವ ಸವರಪ್ಪ ಖಣಿಯಲ್ಲಿ ಸತ್ತು
ಈ ಮಾರ್ಚಿಗೆ ಸರಿಯಾಗಿ ನಲವತ್ತು.

ರಾಯಪ್ಪ ಹೇಳಿದ: ಮದ್ದು ಸಿಡಿಯುವ ಮೊದಲು
ಒಬ್ಬ ಹುಡುಗನನ್ನು ಆಚೆ ದಬ್ಬಿ ಉಳಿಸಿದ.
ಇನ್ನಾಸಪ್ಪನ ಲೆಕ್ಕಕ್ಕೆ ಇಬ್ಬರು, ಅದರಲ್ಲೊಬ್ಬ ಸಾಬರ ಹುಡುಗ.
ಕನ್ನಡ ಶಾಲೆಯ ಮಾಸ್ತರು ಆಗಿನ್ನೂ ಹುಟ್ಟಿರಲಿಲ್ಲ,
ನಾಲ್ವರನ್ನು ಕಂಡಿದ್ದಾರೆ,
ಸವರಪ್ಪನ ಕೊನೆಯ ಮಾತನ್ನು ಕೇಳಿದ್ದಾರೆ,
ಪೂರ್ಣವಿರಾಮ ಸಮೇತ.
ನೋಟ್‌ಬುಕ್ಕಿನಲ್ಲಿ ಬಾಣ ಎಳೆದೆ: ಮೂಲ, ಪಾಠಾಂತರ, ಪ್ರಕ್ಷಿಪ್ತ.
ನಿಜ ಹೇಳಬೇಕೆಂದರೆ, ಖುಷಿಯಾಗಿತ್ತು.

ಸಂಜೆ ಜಪಮಾಲಮ್ಮ ಅತ್ತೆ ಪುಂಡಿಪಲ್ಲೆ ಬಿಡಿಸುತ್ತಿದ್ದಳು.
"ಮೊದಲ ಓಡಿ ಹೋದಾಕಿ ನಾನು. ಕೊಡ ಅಲ್ಲೇ ಒಗದೆ.
ನನ್ನ ಯಾರ್ ಕೇಳ್ಯಾರ?
ಹುಡುಗ್ರು ಇರಲಿಲ್ಲವ್ವ. ಆಯ್ತವಾರ ಅದು,
ಹುಡುಗ್ರೆಲ್ಲ ಪೂಜಿಗೆ ಹೋಗಿದ್ವು.
ಇವ ಕುಡದಿದ್ದ. ಬತ್ತಿ ಹಚ್ಚಿ ದೂರ ಬಂದಾವ
ಬೀಡಿ ಮರತೆ ಅಂತ ಹೊಳ್ಳಿ ಹೋದ.
ಒಂದು ಕಾಲಾಗ ಹೊಸಾ ಚಪ್ಪಲಿ, ಒಂದರಾಗ ಹಳೇದು.
ಕಂತ್ರಾಟದಾರ ರೊಕ್ಕ ಕೊಡ್ಲಿ ಅಂತ
ರಾಯಪ್ಪ ಒಬ್ಬ ಹುಡುಗನ್ನ ಹುಟ್ಟಿಸಿದ.
ಆ ರೊಕ್ಕದಾಗ ನನ್ನ ಮೂರು ಮಕ್ಳು ಉಂಡ್ವು.
ಆ ಹುಡುಗನೇ ನಮ್ಮನ್ನ ಉಳಿಸಿದ ಅನ್ನು.
ಇದನ್ನ ಮಾತ್ರ ಬರಿಬ್ಯಾಡ."

ನಮ್ಮ ಶಾಸ್ತ್ರದಲ್ಲೊಂದು ಸೂತ್ರವಿದೆ:
ನಾಚಿಕೆ ತರುವ ಮಾತನ್ನು ನಂಬಿದವರು ಕಟ್ಟುವುದಿಲ್ಲ.
ಬಂಡೆ ಎಂದು ಹೆಸರಿಟ್ಟುಕೊಂಡವನೇ ಆ ರಾತ್ರಿ
ಕೆಂಡಕ್ಕೆ ಅಂಗೈ ಒಡ್ಡಿಕೊಂಡು
ಅವನ್ಯಾರೋ ಗೊತ್ತಿಲ್ಲ ಅಂದನಂತೆ, ಮೂರು ಸಲ.
ಇಂಥದನ್ನು ಯಾವ ಭಕ್ತ ಬೇಕೆಂದು ಬರೆದಾನು?
ಆದ್ದರಿಂದ ನಡೆದಿರಬೇಕು.
ಆದ್ದರಿಂದ ಎಲ್ಲಿ ದನಿ ತಗ್ಗುತ್ತದೋ ಅಲ್ಲಿ ಅಗೆಯಬೇಕು.
ಎಷ್ಟು ವರ್ಷ ಇದನ್ನು ಪಾಠ ಮಾಡಿದ್ದೇನೆ,
ಕೆಂಡದ ಬಿಸಿ ಒಮ್ಮೆಯೂ ತಾಗಿರಲಿಲ್ಲ.

"ಬರಕೊಂಡ್ಯಾ?" ಅತ್ತೆ ಕೇಳಿದಳು.
ಇಲ್ಲ ಅಂದೆ.
ಸೆರಗಿನಡಿ ಪೆನ್ಸಿಲು ಇನ್ನೂ ಬೆಚ್ಚಗಿತ್ತು.
"ಖರೇನ?"
ಇಲ್ಲ ಅತ್ತಿ, ಅಂದೆ.
ಮೂರನೆಯ ಸಲ ಅವಳು ಕೇಳಲಿಲ್ಲ,
ಸೊಪ್ಪಿನ ಮೊರ ಹಿಡಿದು ಒಳಗೆ ಹೋದಳು.

ಹಿತ್ತಲ ಗೋಡೆಯ ಮೇಲೊಂದು ಹುಂಜವಿತ್ತು.
ಕೂಗಲಿಲ್ಲ.
ಕೂಗಲಿಲ್ಲವೆಂದೇ ದಾಖಲಿಸಿದ್ದೇನೆ, ತಾರೀಖು ಹಾಕಿ.
ಕೂಗಿಸಲೇಬೇಕೆಂದಿದ್ದರೆ
ನಲವತ್ತು ವರ್ಷ ಬಿಟ್ಟು ಬರೆಯುವವರು
ಕೂಗಿಸಿಕೊಳ್ಳಲಿ.